ತಾತನ ಟ್ರಂಕಿನ ಇಸ್ಪೀಟ್ ಎಕ್ಕ: 25ನೇ ಡಿವಿಷನ್ನಿನ ಲಾಂಛನ ಗುರುತಿಸಿ ಯುದ್ಧದ ದಾಖಲೆ ಕಟ್ಟುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಹಳೇ ಮನೆಗಳ ಟ್ರಂಕುಗಳಲ್ಲಿ ಎರಡನೇ ಮಹಾಯುದ್ಧದ ಸಾಮಾನು ಈಗಲೂ ಸಿಗುತ್ತದೆ. ಮಾಸಿದ ರಿಬ್ಬನ್ನಿನ ಒಂದೆರಡು ಪದಕ, ಹಿತ್ತಾಳೆಯ ಅಕ್ಷರಗಳು, ಅಂಚು ಹರಿದ ಪೇ ಬುಕ್ಕು (ಸೈನಿಕನ ಸಂಬಳದ ಪುಸ್ತಕ). ಅದೃಷ್ಟವಿದ್ದರೆ ಹಸಿರು ಬಟ್ಟೆಯ ಮೇಲೆ ಕರಿ ಇಸ್ಪೀಟ್ ಎಕ್ಕ. ಅದು 25ನೇ ಇಂಡಿಯನ್ ಇನ್‌ಫೆಂಟ್ರಿ ಡಿವಿಷನ್ನಿನ ಗುರುತು. ಈ ಡಿವಿಷನ್ 1942ರ ಆಗಸ್ಟ್‌ನಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಆ ವರ್ಷದ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದ್ದವು. ದಕ್ಷಿಣ ಭಾರತದ ಕರಾವಳಿಗೆ ಜಪಾನಿ ಸೇನೆ ಇಳಿದರೆ ತಡೆಯಲೆಂದು ಕಟ್ಟಿದ ಪಡೆಯಿದು.

ಬಟ್ಟೆಯ ಗುರುತು ಡಿವಿಷನ್ ಯಾವುದೆಂದು ಹೇಳುತ್ತದೆ, ಆಳು ಏನು ಕೆಲಸ ಮಾಡಿದನೆಂದು ಹೇಳುವುದಿಲ್ಲ. ಒಂದು ಡಿವಿಷನ್ ಎಂದರೆ ಮೂರು ಬ್ರಿಗೇಡು, ಬ್ರಿಗೇಡಿಗೆ ಮೂರರಂತೆ ಒಂಬತ್ತು ಪದಾತಿ ಬೆಟಾಲಿಯನ್ನು, ಬೆಟಾಲಿಯನ್ನಿಗೆ ಸುಮಾರು 800 ಜನ. ಒಟ್ಟು ಏಳು ಸಾವಿರ ಚಿಲ್ಲರೆ. ಆದರೆ ಡಿವಿಷನ್ನಿನ ಒಟ್ಟು ಬಲ ಹದಿನಾಲ್ಕು ಸಾವಿರಕ್ಕೂ ಮೇಲೆ. ಮಿಕ್ಕವರು ಫಿರಂಗಿ, ಸ್ಯಾಪರ್ಸ್ (ಸೇತುವೆ, ರಸ್ತೆ ಕಟ್ಟುವ ಎಂಜಿನಿಯರ್ ದಳ), ಸಿಗ್ನಲ್ಸ್ (ಸಂಪರ್ಕ ದಳ), ಲಾರಿ, ಹೇಸರಗತ್ತೆ, ಆಸ್ಪತ್ರೆ, ವರ್ಕ್‌ಶಾಪಿನವರು. ತೋಳಿನ ಮೇಲೆ ಎಲ್ಲರಿಗೂ ಒಂದೇ ಎಕ್ಕ. ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಸೇರುತ್ತಿದ್ದದ್ದು ಮದ್ರಾಸ್ ಸ್ಯಾಪರ್ಸಿಗೆ, ಸರಬರಾಜು ದಳಕ್ಕೆ, ಪಯೋನಿಯರಿಗೆ, ವೈದ್ಯಕೀಯ ದಳಕ್ಕೆ. ಹಾಗಾಗಿ ಎಕ್ಕ ಸಿಕ್ಕ ಕೂಡಲೇ ‘ತಾತ ಬಂದೂಕು ಹಿಡಿದು ಗುಡ್ಡ ಹತ್ತಿದರು’ ಎಂದು ಬರೆದಿಡಬೇಡಿ. ಸೇತುವೆ ಕಟ್ಟಿರಬಹುದು, ಲಾರಿ ಓಡಿಸಿರಬಹುದು. ಅದೂ ಯುದ್ಧವೇ, ಆದರೆ ಅದರ ದಾಖಲೆ ಇರುವ ಜಾಗ ಬೇರೆ.

1. ತೊಳೆಯುವ ಮೊದಲು ಫೋಟೋ ತೆಗೆಯಿರಿ

ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು ಹಚ್ಚುವುದು ನಮ್ಮ ಮನೆಗಳ ರೂಢಿ. ಪದಕಕ್ಕೆ ಅದು ವಿಷ. ಆಮ್ಲ ಲೋಹದ ಮೇಲ್ಪದರವನ್ನು ತಿನ್ನುತ್ತದೆ. ಪಾತ್ರೆ ತೊಳೆಯುವ ಪುಡಿ ಉಜ್ಜಿದರೆ ಅಂಚಿನಲ್ಲಿ ಒತ್ತಿದ ಹೆಸರು, ನಂಬರು ಸವೆದುಹೋಗುತ್ತವೆ. ಆಮೇಲೆ ಹುಡುಕಲು ಹಿಡಿಯೇ ಇರುವುದಿಲ್ಲ. ಮೃದುವಾದ ಒಣ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಬಟ್ಟೆಯ ಗುರುತನ್ನು ನೆನೆಸಬೇಡಿ, ಇಸ್ತ್ರಿ ಮಾಡಬೇಡಿ. ಪೇ ಬುಕ್ಕು, ಡಿಸ್ಚಾರ್ಜ್ ಪತ್ರಗಳನ್ನು ಲ್ಯಾಮಿನೇಷನ್ ಅಂಗಡಿಗೆ ಕೊಡಲೇಬೇಡಿ. ಬಿಸಿಗೆ ಹಳೇ ಶಾಯಿ ಹರಡುತ್ತದೆ, ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸಲು ಆಗುವುದಿಲ್ಲ.

ಜಗಲಿಯ ನೆರಳಿನಲ್ಲಿ ಬಿಳಿ ಬಟ್ಟೆ ಹಾಸಿ, ಪಕ್ಕದಲ್ಲಿ ಸ್ಕೇಲಿಟ್ಟು, ಒಂದೊಂದು ವಸ್ತುವಿಗೂ ಮುಂಬದಿ, ಹಿಂಬದಿ, ಅಂಚು ಹೀಗೆ ಮೂರು ಫೋಟೋ ತೆಗೆಯಿರಿ. ಅಂಚಿನ ಅಕ್ಷರ ಕಾಣದಿದ್ದರೆ ಕೋಣೆ ಕತ್ತಲೆ ಮಾಡಿ, ಮೊಬೈಲಿನ ಟಾರ್ಚನ್ನು ಪದಕದ ಮಟ್ಟಕ್ಕೇ ಇಳಿಸಿ ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಿನಲ್ಲಿ ನುಣ್ಣಗೆ ಕಾಣುವ ಅಂಚಿನಲ್ಲೂ ಆಗ ಅಕ್ಷರಗಳ ನೆರಳು ಏಳುತ್ತದೆ. ಯಾವ ವಸ್ತು ಯಾವುದರ ಜೊತೆ, ಯಾವ ಪೊಟ್ಟಣದಲ್ಲಿತ್ತು ಎಂಬುದನ್ನೂ ಬರೆದಿಡಿ. ಅಣ್ಣತಮ್ಮಂದಿರಿಬ್ಬರೂ ಸೈನ್ಯಕ್ಕೆ ಹೋಗಿದ್ದ ಮನೆಗಳಲ್ಲಿ ಇಬ್ಬರ ಸಾಮಾನೂ ಒಂದೇ ಡಬ್ಬಿ ಸೇರಿರುತ್ತದೆ.

2. ಯಾವ ಗುರುತು ಏನು ಹೇಳುತ್ತದೆ

ಟೋಪಿಯ ಲೋಹದ ಬ್ಯಾಡ್ಜು ರೆಜಿಮೆಂಟ್ ಅಥವಾ ದಳದ್ದು. ಹೆಗಲ ಪಟ್ಟಿಯ ಹಿತ್ತಾಳೆ ಅಕ್ಷರಗಳೂ ಅದನ್ನೇ ಹೇಳುತ್ತವೆ. ತೋಳಿನ ಕೋನಾಕಾರದ ಪಟ್ಟಿಗಳು ದರ್ಜೆ: ಒಂದಿದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ತೋಳಿನ ಮೇಲ್ಭಾಗದಲ್ಲಿ ಹೊಲಿಯುತ್ತಿದ್ದ ಚಿತ್ರದ ಬಟ್ಟೆ ಮಾತ್ರ ಡಿವಿಷನ್ನಿನದು, ಇಲ್ಲವೇ ಕೋರ್ ಅಥವಾ ಆರ್ಮಿಯದು. ರೆಜಿಮೆಂಟು ಆಳಿಗೆ ಸೇವೆ ಮುಗಿಯುವವರೆಗೂ ಅಂಟಿಕೊಂಡಿರುತ್ತದೆ. ಡಿವಿಷನ್ ಹಾಗಲ್ಲ. ಬೆಟಾಲಿಯನ್ನನ್ನು ಬೇರೆ ಡಿವಿಷನ್ನಿಗೆ ಕೊಟ್ಟ ದಿನವೇ ಹಳೇ ಗುರುತು ಬಿಚ್ಚಿ ಹೊಸದು ಹೊಲಿಯಬೇಕು. ಒಬ್ಬನ ಟ್ರಂಕಿನಲ್ಲೇ ಎರಡು ಡಿವಿಷನ್ನಿನ ಗುರುತು ಸಿಕ್ಕರೆ ಅನುಮಾನ ಪಡಬೇಡಿ. ವರ್ಗಾವಣೆಯ ಸಾಕ್ಷಿ ಅದು.

ಮೈಸೂರು ಸಂಸ್ಥಾನದ ಸೈನ್ಯದವರ ಲೆಕ್ಕ ಬೇರೆ. ಗಂಡಭೇರುಂಡದ ಬ್ಯಾಡ್ಜಿದ್ದರೆ ಅದು ಸಂಸ್ಥಾನದ ಪಡೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಆ ಪಡೆಯವರೇ. ಎರಡನೇ ಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್ 1942ರ ಫೆಬ್ರುವರಿಯಲ್ಲಿ ಸಿಂಗಪುರದಲ್ಲಿ ಸೆರೆ ಸಿಕ್ಕಿತು. ಅಂಥವರ ಮನೆಯಲ್ಲಿ ಇಸ್ಪೀಟ್ ಎಕ್ಕ ಸಿಕ್ಕರೆ ಅದು ಬೇರೆ ಯಾರದ್ದೋ ಇರಬೇಕು. ಮೈಸೂರು ಇನ್‌ಫೆಂಟ್ರಿಯ ಮುಂದುವರಿಕೆ ಇಂದಿನ 18 ಮದ್ರಾಸ್. ಹುಡುಕಾಟ ಅಲ್ಲಿಂದ ಶುರುವಾಗಲಿ.

3. ಎಕ್ಕ ಎಷ್ಟು ಹಳೆಯದು?

ಇಲ್ಲಿ ಎಡವುವವರು ಬಹಳ. ಕಾರಣ, ಸ್ವಾತಂತ್ರ್ಯದ ನಂತರವೂ ಇದೇ ಸಂಖ್ಯೆ, ಇದೇ ಲಾಂಛನ ಉಳಿದುಬಂದಿದೆ. ಯುದ್ಧಕಾಲದ 25ನೇ ಡಿವಿಷನ್ 1946ರಲ್ಲಿ ವಿಸರ್ಜನೆಯಾಯಿತು. ಜಮ್ಮು ಸೀಮೆಯ ರಜೌರಿಯಲ್ಲಿರುವ ಇಂದಿನ 25ನೇ ಪದಾತಿ ಡಿವಿಷನ್ನಿಗೂ ಇಸ್ಪೀಟ್ ಎಕ್ಕವೇ ಗುರುತು. ಇಂದಿನದರ ಯುದ್ಧಗಳು ಪೂಂಛ್ ಕಡೆಯವು. 1965ರಲ್ಲಿ ಹಾಜಿ ಪೀರ್ ಕಣಿವೆ ಸೇರಲು ಪೂಂಛ್‌ನಿಂದ ಮುನ್ನುಗ್ಗಿದ 93ನೇ ಬ್ರಿಗೇಡು, 1971ರ ಡಿಸೆಂಬರ್‌ನಲ್ಲಿ ಪೂಂಛ್ ಕಾಯ್ದ ಅದೇ ಬ್ರಿಗೇಡು ಈ ಡಿವಿಷನ್ನಿನವು. ಹಾಗಾಗಿ ಎಕ್ಕ ಅಪ್ಪನದೋ ತಾತನದೋ ಎಂಬುದನ್ನು ಬಟ್ಟೆ ನೋಡಿ ತೀರ್ಮಾನಿಸಬೇಕು.

ಭೂತಗನ್ನಡಿ ಹಿಡಿದು ಅಂಚಿನಿಂದ ಶುರು ಮಾಡಿ. ಯುದ್ಧಕಾಲದ ಭಾರತೀಯ ಗುರುತುಗಳು ಹತ್ತಿಬಟ್ಟೆಯ ಮೇಲೆ ಅಚ್ಚು ಹಾಕಿದವು, ಇಲ್ಲವೇ ಉಣ್ಣೆಯ ಫೆಲ್ಟಿನ ಮೇಲೆ ಕಸೂತಿ ಮಾಡಿದವು. ಅಂಚನ್ನು ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ ಅಥವಾ ಒಳಕ್ಕೆ ಮಡಿಚಿ ಹೊಲಿದಿರುತ್ತಾರೆ. ಸುತ್ತಲೂ ದಪ್ಪನೆಯ ಓವರ್‌ಲಾಕ್ ಅಂಚು, ಹಿಂದೆ ಪ್ಲಾಸ್ಟಿಕ್ ಪದರ ಅಥವಾ ಅಂಟಿನ ಹೊಳಪು ಕಂಡರೆ ಹೊಸದು. ಆಮೇಲೆ ನೋಟು ಪರೀಕ್ಷಿಸುವ ನೀಲಿ ದೀಪದಡಿ ಇಡಿ. ಈಚಿನ ಪಾಲಿಯೆಸ್ಟರ್ ದಾರ, ಹೊಳಪು ಹಾಕಿದ ಬಿಳಿದಾರ ಜಗ್ಗನೆ ಹೊಳೆಯುತ್ತವೆ. ಹಳೇ ಹತ್ತಿ, ಉಣ್ಣೆ ಮಂಕಾಗಿ ಕಾಣುತ್ತವೆ. ಇದೂ ನೂರಕ್ಕೆ ನೂರು ನಂಬುವ ಪರೀಕ್ಷೆಯಲ್ಲ: ಸೋಪಿನ ಪುಡಿಯಲ್ಲಿ ಒಮ್ಮೆ ಒಗೆದ ಹಳೇ ಬಟ್ಟೆಯೂ ಹೊಳೆಯುತ್ತದೆ. ಹಿಂಬದಿಯಲ್ಲಿ ಅಂಗಿಯಿಂದ ಬಿಚ್ಚಿದ ದಾರದ ತುಣುಕು, ಸೂಜಿ ತೂತು, ಮುಂಬದಿಗಿಂತ ಗಾಢವಾಗಿ ಉಳಿದ ಬಣ್ಣ ಇವು ಮೂರೂ ಒಟ್ಟಿಗೆ ಸಿಕ್ಕರೆ ತೊಟ್ಟು ಓಡಾಡಿದ ಗುರುತೆಂದು ನಂಬಬಹುದು.

ಬರ್ಮಾ ರಂಗದ ಬೇರೆ ಲಾಂಛನಗಳೂ ನೆನಪಿರಲಿ. ಕಪ್ಪಿನ ಮೇಲೆ ಕೆಂಪು ಚೆಂಡು 5ನೇ ಡಿವಿಷನ್, ಕಪ್ಪಿನ ಮೇಲೆ ಚಿನ್ನದ ಬಾಣ 7ನೆಯದು, ಕರಿಬೆಕ್ಕು 17, ಕಠಾರಿ ಹಿಡಿದ ಕೈ 19, ತಲವಾರು ಹಿಡಿದ ಕೈ 20, ಕಾಳಗದ ಹುಂಜ 23, ತ್ರಿಕೋನದಿಂದ ಹೊರಬರುವ ಹುಲಿ 26. ಕಠಾರಿ ಮತ್ತು ತಲವಾರನ್ನು ಅದಲುಬದಲು ಮಾಡುವವರು ಬಹಳ. ಬಾಗಿದ ಅಲಗಿದ್ದರೆ 20. ಹಾರುವ ಕೆಂಪು ಹದ್ದು ಸಿಕ್ಕರೆ ಬರ್ಮಾ ಬಿಟ್ಟುಬಿಡಿ. ಅದು 4ನೇ ಡಿವಿಷನ್, ಅದರ ಯುದ್ಧ ಉತ್ತರ ಆಫ್ರಿಕ, ಎರಿಟ್ರಿಯದ ಕೆರೆನ್, ಇಟಲಿಯ ಕ್ಯಾಸಿನೊ ಕಡೆ.

4. ಪದಕದ ಅಂಚು ಓದುವುದು

ಬ್ರಿಟಿಷ್ ಸೈನಿಕರಿಗೆ ಕೊಟ್ಟ ಎರಡನೇ ಯುದ್ಧದ ಸ್ಟಾರ್‌ಗಳಲ್ಲಿ (ನಕ್ಷತ್ರಾಕಾರದ ಪದಕ) ಹೆಸರಿರುವುದಿಲ್ಲ. ಭಾರತೀಯರಿಗೆ ಕೊಟ್ಟವುಗಳಲ್ಲಿ ಇರುತ್ತದೆ, ಅದು ನಮ್ಮ ಪುಣ್ಯ. ಆರು ಮೂಲೆಯ ಸ್ಟಾರ್‌ಗಳಲ್ಲಿ ಹಿಂಬದಿಯಲ್ಲಿ, ದುಂಡು ಪದಕಗಳಲ್ಲಿ ಅಂಚಿನ ಸುತ್ತ ನಂಬರು, ದರ್ಜೆ, ಹೆಸರು, ದಳ ಎಂದು ಒತ್ತಿರುತ್ತಾರೆ. ದರ್ಜೆ ಇಂಗ್ಲಿಷಿನ ಮೊಟಕು ಅಕ್ಷರಗಳಲ್ಲಿ ಇರುತ್ತದೆ. ಎಸ್‌ಪಿಆರ್ ಎಂದರೆ ಸ್ಯಾಪರ್, ಡಿವಿಆರ್ ಎಂದರೆ ಡ್ರೈವರ್, ಎನ್‌ಕೆ ಎಂದರೆ ನಾಯಕ್. ದಳದ ಜಾಗದಲ್ಲಿ ಆರ್.ಐ.ಎ.ಎಸ್.ಸಿ. ಎಂದಿದ್ದರೆ ಸರಬರಾಜು ದಳ, ಐ.ಎ.ಎಂ.ಸಿ. ಎಂದಿದ್ದರೆ ವೈದ್ಯಕೀಯ ದಳ. 8/19 ಥರದ ಭಿನ್ನರಾಶಿ ಕಂಡರೆ ಪದಾತಿ: ಮೇಲಿನದು ಬೆಟಾಲಿಯನ್, ಕೆಳಗಿನದು ರೆಜಿಮೆಂಟು. ಡಿವಿಷನ್ ಸಂಖ್ಯೆ ಪದಕದಲ್ಲಿ ಎಲ್ಲೂ ಬರುವುದಿಲ್ಲ. ಅಲ್ಲಿ ಕಾಣುವ 25ಕ್ಕೂ ನಮ್ಮ 25ಕ್ಕೂ ಸಂಬಂಧವಿಲ್ಲ.

ಹೆಸರಿನ ಸ್ಪೆಲ್ಲಿಂಗು ಗುಮಾಸ್ತನ ಕಿವಿಗೆ ಬಿದ್ದಂತೆ ಇರುತ್ತದೆ. ಮುನಿಸ್ವಾಮಪ್ಪ ಮುನುಸಾಮಿ ಆಗಿರುತ್ತಾನೆ, ವೆಂಕಟರವಣಪ್ಪ ಬರೀ ವೆಂಕಟ್ರಾಮ ಆಗಿರುತ್ತಾನೆ. ಹಾಗಾಗಿ ಹೆಸರಿಗಿಂತ ನಂಬರೇ ಗಟ್ಟಿ. ಒಂದು ಅಂಕಿ ಸಂದೇಹವಿದ್ದರೂ ಎರಡು ಪದಕ ಹೋಲಿಸಿ ಖಚಿತ ಮಾಡಿಕೊಳ್ಳಿ. 3 ಮತ್ತು 8, 1 ಮತ್ತು 7 ಸವೆದಾಗ ಒಂದೇ ಥರ ಕಾಣುತ್ತವೆ.

5. ಪದಕವೂ ಎಕ್ಕವೂ ಒಂದಕ್ಕೊಂದು ಹೊಂದುತ್ತವೆಯೇ

25ನೇ ಡಿವಿಷನ್ನಿನ ಜೊತೆ ಬರ್ಮಾದ ಪಶ್ಚಿಮ ಕರಾವಳಿಯ ಅರಕಾನಿಗೆ ಹೋದವನ ಬಳಿ ಇರಬೇಕಾದದ್ದು 1939–45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್. ಜೊತೆಗೆ ಭಾರತದೊಳಗೆ ಮೂರು ವರ್ಷದ ಸೇವೆಯಿದ್ದರೆ ಇಂಡಿಯಾ ಸರ್ವಿಸ್ ಮೆಡಲ್. ಬರ್ಮಾ ಸ್ಟಾರ್‌ನ ರಿಬ್ಬನ್ನಿನಲ್ಲಿ ನಡುವೆ ಅಗಲ ಕೆಂಪು, ಎರಡೂ ಬದಿ ಕಡುನೀಲಿ, ಆ ನೀಲಿಯ ಮಧ್ಯೆ ಕಿತ್ತಳೆಯ ಸಣ್ಣ ಗೆರೆ. ರಿಬ್ಬನ್ನನ್ನಷ್ಟೇ ನಂಬಬೇಡಿ. ಹಳೆಯದು ಹರಿದಾಗ ಅಂಗಡಿಯಲ್ಲಿ ಸಿಕ್ಕ ಯಾವುದೋ ರಿಬ್ಬನ್ ಪೋಣಿಸಿದ ಮನೆಗಳುಂಟು. ಸ್ಟಾರ್‌ನ ಸುತ್ತುಪಟ್ಟಿಯಲ್ಲೇ ಪದಕದ ಹೆಸರು ಇರುತ್ತದೆ, ಅದನ್ನು ಓದಿ.

ಎಕ್ಕವಿದ್ದೂ ಬರ್ಮಾ ಸ್ಟಾರ್ ಇಲ್ಲದಿದ್ದರೆ ಆತ 1944ಕ್ಕೆ ಮೊದಲೇ ಡಿವಿಷನ್ ಬಿಟ್ಟಿರಬಹುದು, ಇಲ್ಲವೇ ಪದಕ ಪಡೆಯಲು ಅರ್ಜಿಯನ್ನೇ ಹಾಕಿರಲಿಕ್ಕಿಲ್ಲ. ಆಫ್ರಿಕಾ ಸ್ಟಾರ್ ಇದ್ದರೆ ಮೊದಲು ಬೇರೆ ಪಡೆಯಲ್ಲಿದ್ದ. ಆಗ್ನೇಯ ಏಷ್ಯಾ 1945–46 ಎಂಬ ಪಟ್ಟಿಯಿರುವ ಜನರಲ್ ಸರ್ವಿಸ್ ಮೆಡಲ್ ಕಂಡರೆ ಆತ ಜಾವಾ, ಸುಮಾತ್ರ ಅಥವಾ ಇಂಡೋಚೀನಾಕ್ಕೆ ಹೋಗಿದ್ದಾನೆ. ಅಲ್ಲಿಗೆ ಹೋದವು ಮುಖ್ಯವಾಗಿ 5, 20, 23, 26ನೇ ಡಿವಿಷನ್ನುಗಳು. ಸಮರ ಸೇವಾ ಸ್ಟಾರ್ 1965 ಅಥವಾ 1971ರ ಯುದ್ಧದ ಪಶ್ಚಿಮೀ ಸ್ಟಾರ್ ಸಿಕ್ಕರೆ ನೀವು ನೋಡುತ್ತಿರುವುದು ರಜೌರಿ ಕಾಲದ ಎಕ್ಕ.

6. ಡಿವಿಷನ್ನಿನ ತಾರೀಖುಪಟ್ಟಿ

ದೊಡ್ಡ ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಎಡಕ್ಕೆ ಡಿವಿಷನ್ನಿನ ತಾರೀಖು, ಬಲಕ್ಕೆ ನಿಮ್ಮವರ ಬಗ್ಗೆ ದಾಖಲೆ ಹೇಳುವ ತಾರೀಖು. ಎಡಕ್ಕೆ ಬರೆಯಬೇಕಾದದ್ದು ಇಷ್ಟು.

1942ರ ಆಗಸ್ಟ್‌ನಲ್ಲಿ ಮೇಜರ್ ಜನರಲ್ ಹೆನ್ರಿ ಡೇವಿಸ್ ಅವರ ಕೈಕೆಳಗೆ ಬೆಂಗಳೂರಿನಲ್ಲಿ ಸ್ಥಾಪನೆ. ಬ್ರಿಗೇಡುಗಳು 51, 53 ಮತ್ತು 74. ಮುಂದಿನ ಒಂದೂವರೆ ವರ್ಷ ದಕ್ಷಿಣ ಭಾರತದಲ್ಲೇ ಕಾಡುಯುದ್ಧದ ತರಬೇತಿ. ನಿಮ್ಮವರ ಪೇ ಬುಕ್ಕಿನಲ್ಲಿ ಈ ಅವಧಿಗೆ ಊರಿನ ರಜೆ ಹೆಚ್ಚು ಕಂಡರೆ ಆಶ್ಚರ್ಯವಿಲ್ಲ, ಮನೆ ಹತ್ತಿರವೇ ಇತ್ತು.

1944ರ ಮಾರ್ಚ್‌ನಲ್ಲಿ ಅರಕಾನ್. ಇಂಫಾಲಕ್ಕೆ ಅಪಾಯ ಬಂದು 5ನೇ ಡಿವಿಷನ್ನನ್ನು ವಿಮಾನದಲ್ಲಿ ಅಲ್ಲಿಗೆ ಸಾಗಿಸಿದಾಗ, ಅದು ಬಿಟ್ಟ ಜಾಗಕ್ಕೆ 25ನೆಯದು ಬಂತು. ಜಾಗ ಮಾಯು ಬೆಟ್ಟಸಾಲು. ಸಮುದ್ರದ ಕಡೆಯ ಮೌಂಗ್‌ಡಾದಿಂದ ಒಳನಾಡಿನ ಬುಥಿಡಾಂಗಿಗೆ ಹೋಗುವ ರಸ್ತೆ ಈ ಸಾಲನ್ನು ಸುರಂಗಗಳಲ್ಲಿ ದಾಟುತ್ತಿತ್ತು. ಆ ಸುರಂಗಗಳ ಆಯಕಟ್ಟಿಗೆ ಮೇ ತಿಂಗಳ ತನಕ ಕಾದಾಟ. ನಂತರ ಮಳೆಗಾಲ. ಆಗ ಗುಂಡಿಗಿಂತ ಮಲೇರಿಯಾ, ಕೆಸರು ಹೆಚ್ಚು ಕಾಡಿದವು. ಈ ತಿಂಗಳುಗಳಲ್ಲಿ ನಿಮ್ಮವರು ಆಸ್ಪತ್ರೆ ಸೇರಿದ್ದಾರೆಂದು ದಾಖಲೆ ಹೇಳಿದರೆ ಅದು ಗಾಯವೇ ಎಂದು ಊಹಿಸಿಕೊಳ್ಳಬೇಡಿ, ಕಾಯಿಲೆಯ ಕಾಲಂ ನೋಡಿ.

ಮಳೆ ನಿಂತ ಮೇಲೆ ಮುನ್ನಡೆ. 1944ರ ನವೆಂಬರ್ 22ರಂದು ಪೂರ್ವ ಮಾಯುವಿನಲ್ಲಿ 10ನೇ ಬಲೂಚಿನ 16ನೇ ಬೆಟಾಲಿಯನ್ನಿನ ಸಿಪಾಯಿ ಭಂಡಾರಿ ರಾಮ್ ವಿಕ್ಟೋರಿಯಾ ಕ್ರಾಸ್ ಗಳಿಸಿದ. 1945ರ ಜನವರಿ 3ರಂದು ಅಕ್ಯಾಬ್ ದ್ವೀಪಕ್ಕೆ ಇಳಿದಾಗ ಜಪಾನಿಗಳು ಅಷ್ಟರಲ್ಲೇ ಖಾಲಿ ಮಾಡಿದ್ದರು. ಹಾಗಾಗಿ ‘ಅಕ್ಯಾಬಿನ ಘೋರ ಕಾಳಗ’ ಎಂದು ಮನೆಯ ಕಥೆ ಹೇಳಿದರೆ ತಾರೀಖು ಕೇಳಿ. ಜನವರಿ 12ಕ್ಕೆ ಮೈಬಾನ್, ಅಲ್ಲಿಂದ ಕಂಗಾವ್.

ಕಂಗಾವ್ ಈ ಡಿವಿಷನ್ನಿನ ಚರಿತ್ರೆಯ ಗಟ್ಟಿ ಅಧ್ಯಾಯ. ಜಪಾನಿಗಳು ದಕ್ಷಿಣಕ್ಕೆ ಹಿಂದೆಗೆಯಲು ಉಳಿದಿದ್ದ ಕರಾವಳಿ ರಸ್ತೆಯನ್ನು ಅಲ್ಲಿ ಕತ್ತರಿಸಬೇಕಿತ್ತು. ರಸ್ತೆಗೂ ಸಮುದ್ರಕ್ಕೂ ನಡುವೆ ಮೈಲಿಗಟ್ಟಲೆ ಮ್ಯಾಂಗ್ರೋವ್ ಕೆಸರು, ಉಬ್ಬರಕ್ಕೆ ತುಂಬಿ ಇಳಿತಕ್ಕೆ ಬರಿದಾಗುವ ಕಾಲುವೆಗಳು. ಜನವರಿ 22ಕ್ಕೆ 3ನೇ ಕಮ್ಯಾಂಡೊ ಬ್ರಿಗೇಡು ದೋಣಿಗಳಲ್ಲಿ ಹೋಗಿ 170 ಎಂಬ ಗುಡ್ಡ ಹಿಡಿಯಿತು. ಅದರ ಹಿಂದೆ ಡಿವಿಷನ್ನಿನ 51ನೇ ಬ್ರಿಗೇಡು ಕಂಗಾವ್ ಹಳ್ಳಿಯ ಕಡೆ ನುಗ್ಗಿತು. ಜನವರಿ 31ಕ್ಕೆ ಜಪಾನಿಗಳ ಮರುದಾಳಿ ಅತಿ ತೀವ್ರವಾಯಿತು. ಆ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳಿಗೂ ಭಾರತೀಯರೇ ಕಮಾಂಡರುಗಳು, ಆ ಕಾಲಕ್ಕೆ ಅದು ಹೊಸತು. 8/19 ಹೈದರಾಬಾದಿಗೆ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ, 2/2 ಪಂಜಾಬಿಗೆ ಎಸ್.ಪಿ.ಪಿ. ಥೋರಟ್, 16/10 ಬಲೂಚಿಗೆ ಎಲ್.ಪಿ. ಸೇನ್. ಮೂವರಿಗೂ ಡಿ.ಎಸ್.ಒ. ಎಂಬ ಅಧಿಕಾರಿಗಳ ಯುದ್ಧ ಗೌರವ ಸಿಕ್ಕಿತು. ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಫೆಬ್ರುವರಿ 16ಕ್ಕೆ ರುಯ್ವಾದಲ್ಲಿ ಇಳಿದದ್ದು ಅರಕಾನಿನ ಕೊನೆಯ ದೊಡ್ಡ ಇಳಿದಾಣ. ಆಮೇಲೆ ಮಲಯಕ್ಕೆ ತಯಾರಿ. 1945ರ ಸೆಪ್ಟೆಂಬರ್ 9ರಂದು ಮೊರಿಬ್ ಕಡಲತೀರಕ್ಕೆ ಇಳಿಯುವಷ್ಟರಲ್ಲಿ ಜಪಾನ್ ಶರಣಾಗಿತ್ತು.

ಈಗ ಬಲಗಡೆಯ ಕಾಲಂ. ಸ್ಯಾಪರ್ ಆಗಿದ್ದರೆ ಮೇಲಿನ ಇಳಿದಾಣಗಳಲ್ಲಿ ಯಾವ ಫೀಲ್ಡ್ ಕಂಪನಿ ಯಾವ ಬ್ರಿಗೇಡಿನ ಜೊತೆ ಇತ್ತು ಎಂಬುದು ಮುಖ್ಯ. ಕಂಪನಿ ಸಂಖ್ಯೆ ಸಿಗದೆ ‘ಕಂಗಾವ್‌ನಲ್ಲಿದ್ದರು’ ಎಂದು ಬರೆಯುವಂತಿಲ್ಲ.

7. ದಾಖಲೆ ತರಿಸುವುದು

ಪತ್ರ ಹೋಗಬೇಕಾದದ್ದು ಡಿವಿಷನ್ನಿಗಲ್ಲ, ದಳದ ರೆಕಾರ್ಡ್ಸ್ ಕಚೇರಿಗೆ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟು ನೀಲಗಿರಿಯ ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ, ಫಿರಂಗಿ ದಳ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್ಪುರ, ವರ್ಕ್‌ಶಾಪಿನವರ ಇ.ಎಂ.ಇ. ದಳ ಸಿಕಂದರಾಬಾದ್, ವೈದ್ಯಕೀಯ ದಳ ಲಖನೌ. 19ನೇ ಹೈದರಾಬಾದ್ ರೆಜಿಮೆಂಟನ್ನು ಹೈದರಾಬಾದಿನಲ್ಲಿ ಹುಡುಕಿದರೆ ಸಿಗದು. 1945ರಲ್ಲಿ ಅದು ಕುಮಾವೂ ರೆಜಿಮೆಂಟ್ ಆಯಿತು, ಕೇಂದ್ರ ರಾಣಿಖೇತ್. 10ನೇ ಬಲೂಚ್ ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಹೋಯಿತು.

ಅರ್ಜಿಯಲ್ಲಿ ನಂಬರು, ದರ್ಜೆ, ಹೆಸರಿನ ಎಲ್ಲ ರೂಪಗಳು, ತಂದೆಯ ಹೆಸರು, ಗ್ರಾಮ, ತಾಲ್ಲೂಕು ಬರೆಯಿರಿ. ಜಿಲ್ಲೆಯ ವಿಷಯದಲ್ಲಿ ಎಚ್ಚರ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿಯ ಸೈನಿಕರ ಹಳೇ ಕಾಗದದಲ್ಲಿ ಕೋಲಾರ ಜಿಲ್ಲೆ, ಮೈಸೂರು ಸಂಸ್ಥಾನ ಎಂದೇ ಇರುತ್ತದೆ. ಕೆಜಿಎಫ್‌ನವರದ್ದು ಊರ್ಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಎಂದು ಬೇರೆಬೇರೆ ಅಂಚೆಯಡಿ ಇರಬಹುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಜೊತೆಗಿಡಿ. ಸಂಬಂಧ ಸಾಬೀತಾಗದೆ ವೈಯಕ್ತಿಕ ದಾಖಲೆ ಕೊಡುವುದಿಲ್ಲ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ದಾಖಲೆಯನ್ನು 25 ವರ್ಷದ ನಂತರ ನಾಶ ಮಾಡುವ ನಿಯಮವಿದೆ. ಯುದ್ಧ ಮುಗಿದು ಮನೆಗೆ ಕಳಿಸಿದವರಲ್ಲಿ ಹೆಚ್ಚಿನವರು ಈ ಗುಂಪಿನವರೇ. ಹಾಗೆ ಉತ್ತರ ಬಂದರೆ ಬೇಸರಪಟ್ಟು ಬಿಡಬೇಡಿ, ಇನ್ನೂ ದಾರಿಗಳಿವೆ.

ಮಾಜಿ ಸೈನಿಕರ ಲೆಕ್ಕದಲ್ಲಿ ಜಮೀನು ಮಂಜೂರಾಗಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮಂಜೂರಾತಿ ಕಡತ ಕೇಳಿ. ಸಾಗುವಳಿ ಚೀಟಿಯಲ್ಲಿ ಇಲ್ಲದ ವಿವರ, ಮುಖ್ಯವಾಗಿ ಸೈನ್ಯದ ನಂಬರು ಮತ್ತು ದಳ, ಅರ್ಜಿಗೆ ಲಗತ್ತಿಸಿದ ಡಿಸ್ಚಾರ್ಜ್ ನಕಲಿನಲ್ಲಿ ಇರಬಹುದು. ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಸಮಾಧಿ ಸಿಗದ ಸುಮಾರು 27,000 ಮಂದಿಯ ಹೆಸರು ಮ್ಯಾನ್ಮಾರಿನ ತೌಕ್ಯಾನ್ ಸ್ಮಶಾನದ ರಂಗೂನ್ ಸ್ಮಾರಕದಲ್ಲಿವೆ. ಘಟಕದ ದಿನಚರಿಗಳು ಲಂಡನ್ನಿನ ಕ್ಯೂ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯೂಒ 172 ಎಂಬ ಶ್ರೇಣಿಯಲ್ಲಿವೆ. ಸಿಪಾಯಿಯ ಹೆಸರು ಅವುಗಳಲ್ಲಿ ಬರುವುದು ಅಪರೂಪ, ಆದರೆ ಕಂಪನಿ ಯಾವ ದಿನ ಎಲ್ಲಿತ್ತು ಎಂಬುದು ಸಿಗುತ್ತದೆ. ಬಲಗಡೆಯ ಕಾಲಂಗೆ ಬೇಕಾದದ್ದು ಅದೇ.

8. ಬರೆದಿಡುವುದು, ಎತ್ತಿಡುವುದು

ಮನೆಯ ದಾಖಲೆ ಬರೆಯುವಾಗ ಪ್ರತಿ ವಾಕ್ಯದ ಪಕ್ಕದಲ್ಲಿ ಅದರ ಆಧಾರ ಗುರುತಿಸಿ: ಪದಕದ ಅಂಚು, ಪೇ ಬುಕ್ಕು, ಘಟಕದ ದಿನಚರಿ, ಅಥವಾ ಅಜ್ಜಿ ಹೇಳಿದ್ದು. ಅಜ್ಜಿ ಹೇಳಿದ್ದನ್ನು ಅಳಿಸಬೇಡಿ, ಬೇರೆ ಬಣ್ಣದಲ್ಲಿ ಬರೆಯಿರಿ. ಎಷ್ಟೋ ಸಲ ಊರಿನ ಹೆಸರು ತಪ್ಪಾಗಿದ್ದರೂ ಮಳೆಗಾಲ, ದೋಣಿ, ಕೆಸರು ಇವು ಸರಿಯಾಗಿರುತ್ತವೆ.

ಬಟ್ಟೆಯ ಗುರುತನ್ನು ಒಗೆದು ಒಣಗಿಸಿದ ಬಿಳಿ ಹತ್ತಿಬಟ್ಟೆಯಲ್ಲಿ ಮಡಿಕೆ ಬೀಳದಂತೆ ಸುತ್ತಿ, ಆಮ್ಲರಹಿತ ಕಾಗದದ ಪೆಟ್ಟಿಗೆಯಲ್ಲಿ ಇಡಿ. ದಿನಪತ್ರಿಕೆ ಹಾಸಬೇಡಿ, ಅದರ ಆಮ್ಲ ಬಟ್ಟೆಯನ್ನು ಹಳದಿ ಮಾಡುತ್ತದೆ. ಹಸಿ ಬೇವಿನೆಲೆ ತೇವ ತರುತ್ತದೆ, ಪೂರ್ತಿ ಒಣಗಿದ್ದರಷ್ಟೇ ಇಡಿ. ನುಸಿಗುಳಿಗೆಯನ್ನು ಪ್ರತ್ಯೇಕ ಪೊಟ್ಟಣ ಕಟ್ಟಿ, ವಸ್ತುವಿಗೆ ತಾಗದಂತೆ ಮೂಲೆಯಲ್ಲಿಡಿ. ಪೆಟ್ಟಿಗೆಯನ್ನು ನೆಲದ ಮೇಲೆ ಇಡದೆ ಗೋಡೆಯಿಂದ ದೂರ ಎತ್ತರದಲ್ಲಿಡಿ, ಗೆದ್ದಲಿಗೆ ದಾರಿ ಸಿಗಬಾರದು. ಕನ್ನಡಿ ಚೌಕಟ್ಟು ಹಾಕಿಸುವುದಾದರೆ ಪದಕಕ್ಕೆ ಅಂಟು ಬಳಿಯದೆ ದಾರದಿಂದ ಕಟ್ಟಿಸಿ, ಹಿಂಬದಿಯ ಹೆಸರು ಆಮೇಲೂ ಓದಲು ಸಿಗಬೇಕು.

ಫೋಟೋ ಹಂಚಿಕೊಳ್ಳುವಾಗ 1946ರ ಒಳಗಿನದನ್ನು ಧಾರಾಳವಾಗಿ ಹಂಚಿ. ಮನೆಯ ಹುಡುಗ ಈಗ ಸೇವೆಯಲ್ಲಿದ್ದರೆ ಅವನ ತೋಳಿನ ಗುರುತು, ಘಟಕ, ಇರುವ ಜಾಗ ಮೂರನ್ನೂ ಒಂದೇ ಚಿತ್ರದಲ್ಲಿ ಹಾಕಬೇಡಿ. ನಕಲು ಎಕ್ಕ ಹೊಲಿಸಿ ಶಾಲೆಯ ನಾಟಕಕ್ಕೆ ಹಾಕುವುದರಲ್ಲಿ ತಪ್ಪಿಲ್ಲ. ಸೈನಿಕನೆಂದು ನಂಬಿಸಲು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ.